ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಎಂಆರ್‌ಐ ಆಗಲಿ

'ಪಿಎಸ್‌ಎ ಇಳಿದಿದೆ. ಅಂದ್ರೆ ಗಡ್ಡೆ ಹೋಗಿದೆ ಅಲ್ವಾ ಡಾಕ್ಟ್ರೇ?' ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ತಗೊಂಡವರನ್ನು ಗೋಕಾಕ, ಅಥಣಿ, ರಾಮದುರ್ಗದಿಂದ ಬೆಳಗಾವಿಗೆ ಸ್ಕ್ಯಾನ್‌ಗೆ ಕರೆತರುವ ಮಕ್ಕಳು ಹೀಗೇ ಕೇಳುತ್ತಾರೆ. ಹೌದು ಎನ್ನಲು ನನಗೂ ಆಸೆ. ಆದರೆ ರಕ್ತಪರೀಕ್ಷೆಯಲ್ಲಿ ಅಳೆಯುವ ಈ ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನ್. ಅದು ತಯಾರಾಗುವುದೇ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್‌ನ ಬಲದಿಂದ. ಈ ಇಂಜೆಕ್ಷನ್ ಆ ಹಾರ್ಮೋನನ್ನೇ ತಡೆಯುತ್ತದೆ, ಹಾಗಾಗಿ ಪಿಎಸ್‌ಎ ಇಳಿಯಲೇಬೇಕು. ಒಳಗೆ ಎಷ್ಟು ಕ್ಯಾನ್ಸರ್ ಉಳಿದಿದೆ ಅನ್ನುವುದು ಬೇರೆ ಪ್ರಶ್ನೆ.

ಈ ಹಾರ್ಮೋನ್ ನಿಲ್ಲಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಹಾರ್ಮೋನ್ ತಡೆಯುವ ಚಿಕಿತ್ಸೆ ಕೊಡುವುದಿಲ್ಲ. ಮೂರು ತಿಂಗಳು ಕೊಟ್ಟು ನೋಡಿದ ಹಳೆಯ ಅಧ್ಯಯನಗಳಲ್ಲಿ ಗಡ್ಡೆ ಸಣ್ಣದಾಯಿತು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವುದು ಕಡಿಮೆಯಾಯಿತು. ಆಯುಷ್ಯ ಹೆಚ್ಚಿದ್ದು ಮಾತ್ರ ಕಾಣಲಿಲ್ಲ. ಈಗ ಹೊಸ, ಜೋರಾದ ಮಾತ್ರೆಗಳನ್ನು ಸೇರಿಸಿ ಮತ್ತೆ ಪ್ರಯತ್ನ ನಡೆದಿದೆ. ಚಿಕಿತ್ಸೆ ಎಷ್ಟು ನಾಟಿತು ಎಂದು ನೋಡಬೇಕಲ್ಲ, ಅದಕ್ಕೇ ಎಂಆರ್‌ಐಗೆ ಕೆಲಸ ಜಾಸ್ತಿಯಾಗಿದೆ.

ಎಂಆರ್‌ಐನಲ್ಲಿ ನಾವು ಗಾತ್ರವನ್ನಷ್ಟೇ ನೋಡುವುದಿಲ್ಲ, ಅಂಗಾಂಶದೊಳಗೆ ನೀರು ಎಷ್ಟು ಸಲೀಸಾಗಿ ಓಡಾಡುತ್ತದೆ ಅನ್ನುವುದನ್ನೂ ಅಳೆಯುತ್ತೇವೆ. ಅದಕ್ಕೆ ಎಡಿಸಿ ಅನ್ನುತ್ತಾರೆ. ಕ್ಯಾನ್ಸರ್ ಕೋಶಗಳು ಸವದತ್ತಿ ಯಲ್ಲಮ್ಮನ ಜಾತ್ರೆಯ ಗರ್ದಿಯ ಹಾಗೆ ಒತ್ತೊತ್ತಾಗಿರುತ್ತವೆ, ನೀರು ಅಲುಗಾಡಲು ಜಾಗವಿರುವುದಿಲ್ಲ. ಎಡಿಸಿ ಕಡಿಮೆ. ಚಿಕಿತ್ಸೆ ನಾಟಿ ಕೋಶಗಳು ಸತ್ತಂತೆ ಜಾಗ ತೆರವಾಗಿ ಎಡಿಸಿ ಏರುತ್ತದೆ.

ತೊಡಕು ಇಲ್ಲಿದೆ. ಹಾರ್ಮೋನ್ ಚಿಕಿತ್ಸೆ ಆರೋಗ್ಯವಂತ ಭಾಗವನ್ನೂ ಬಿಡುವುದಿಲ್ಲ. ಇಡೀ ಗ್ರಂಥಿ ಕುಗ್ಗುತ್ತದೆ. ಮೊದಲು ಬೆಳ್ಳಗೆ ಕಾಣುತ್ತಿದ್ದ ಹೊರವಲಯ ಕಪ್ಪಾಗುತ್ತದೆ, ಅಲ್ಲಿಯ ಎಡಿಸಿ ಇಳಿಯುತ್ತದೆ. ಕ್ಯಾನ್ಸರ್‌ನ ಎಡಿಸಿ ಏರುತ್ತಿದೆ, ಪಕ್ಕದ್ದು ಇಳಿಯುತ್ತಿದೆ. ಎರಡರ ನಡುವಿನ ವ್ಯತ್ಯಾಸವೇ ಮಸುಕಾಗುತ್ತದೆ. ಚದುರಿ ಉಳಿದ ಸಣ್ಣ ಸಣ್ಣ ಕೋಶಗುಂಪುಗಳಂತೂ ಕಾಣುವುದೇ ಇಲ್ಲ. ಚಿಕಿತ್ಸೆಯಾದ ಗ್ರಂಥಿಗೆ ನಾನು ಪೈರಾಡ್ಸ್ ಅಂಕ, ಅಂದರೆ ಎಂಆರ್‌ಐ ನೋಡಿ ಕ್ಯಾನ್ಸರ್ ಅನುಮಾನ ಎಷ್ಟು ಎಂದು ಹೇಳುವ ಅಂಕ, ಕೊಡುವುದಿಲ್ಲ. ಆ ಅಂಕಪದ್ಧತಿ ಇರುವುದು ಚಿಕಿತ್ಸೆ ಆಗದ ಗ್ರಂಥಿಗೆ. ಪೆಥಾಲಜಿ ವೈದ್ಯರೂ ಅಷ್ಟೇ, ಹಾರ್ಮೋನ್ ಚಿಕಿತ್ಸೆಯ ಪರಿಣಾಮ ಎದ್ದು ಕಾಣುವ ಗಡ್ಡೆಗೆ, ಅದು ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ ಹಾಕುವುದಿಲ್ಲ.

ಹಾಗಾಗಿ ಚಿಕಿತ್ಸೆಗೆ ಮುಂಚಿನ ಸ್ಕ್ಯಾನ್ ಇಲ್ಲದಿದ್ದರೆ ಎರಡನೆಯದರ ಬೆಲೆ ಅರ್ಧಕ್ಕರ್ಧ ಹೋಗುತ್ತದೆ. ಬಯಾಪ್ಸಿಗಿಂತ ಮೊದಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ಬಯಾಪ್ಸಿಯಲ್ಲಿ ಸೋರಿದ ರಕ್ತ ಚಿತ್ರವನ್ನು ಕೆಡಿಸುತ್ತದೆ, ಅದು ಕರಗಲು ಆರೆಂಟು ವಾರ ಬೇಕು. ಎರಡೂ ಸಲ ಒಂದೇ ಮಶೀನ್ ಆಗಿರಲಿ. ಮಶೀನ್ ಬದಲಾದರೆ ಎಡಿಸಿ ಅಂಕಿಯೂ ಬದಲಾಗುತ್ತದೆ. ಫಿಲ್ಮ್ ಸಾಲದು, ಸಿಡಿ ಕೇಳಿ ಇಸ್ಕೊಳ್ಳಿ. ಫಿಲ್ಮ್ ಮೇಲೆ ಎಡಿಸಿ ಅಳೆಯಲು ಬರುವುದಿಲ್ಲ.

ಸರ್ಜನ್‌ಗೆ ನಾನು ಒತ್ತಿ ಹೇಳುವುದೂ ಮೊದಲ ಸ್ಕ್ಯಾನ್ ಬಗ್ಗೆಯೇ. ಗಡ್ಡೆ ಕುಗ್ಗಿದಾಗ ಪಕ್ಕದ ನರಗಳನ್ನು ಉಳಿಸಬಹುದು ಅನ್ನಿಸುವುದು ಸಹಜ. ಲೈಂಗಿಕ ಶಕ್ತಿ ಆ ನರಗಳ ಮೇಲೆ ನಿಂತಿದೆ, ರೋಗಿಗೂ ಅದು ಬೇಕು. ಆದರೆ ಚಿಕಿತ್ಸೆಗೆ ಮುಂಚೆ ಗಡ್ಡೆ ಗ್ರಂಥಿಯ ಹೊದಿಕೆ ದಾಟಿ ಆ ಬದಿಗೆ ಹೋಗಿತ್ತು ಅಂದರೆ, ಈಗ ಕಾಣದಿದ್ದರೂ ಅಲ್ಲಿ ಕೋಶಗಳು ಉಳಿದಿರಬಹುದು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿಯೇ ಅದನ್ನು ತೀರ್ಮಾನಿಸಬೇಕು.

ಸ್ಕ್ಯಾನ್‌ಗೆ ಬರುವವರಿಗೆ ಇನ್ನೊಂದು ಮಾತು. ಬೆಳ್ಳಿ ಉಡದಾರ, ಕೊರಳಿನ ಕರಡಿಗೆ ತೆಗೆದಿಡಬೇಕಾಗುತ್ತದೆ. ಹಿರಿಯರಿಗೆ ಅದು ಕಸಿವಿಸಿ, ನನಗೆ ಗೊತ್ತು. ಮನೆಯವರ ಕೈಗೇ ಕೊಟ್ಟು ಒಳಗೆ ಬನ್ನಿ. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿಬಿಡಿ.