ಮಿನಿ ಟ್ರ್ಯಾಕ್ಟರಿನ ಲೋಡರಿಗೆ ಬಕೆಟ್, ಫೋರ್ಕ್ ಮಾಡಿಸುವ ಮುನ್ನ

ಅಡಿಕೆ ಸಾಲುಗಳ ನಡುವೆ ಸಲೀಸಾಗಿ ಓಡಾಡುವ 20ರಿಂದ 30 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರುಗಳು ಮಲೆನಾಡಿನ ತೋಟಗಳಲ್ಲಿ ಈಗ ಅಪರೂಪವಲ್ಲ. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜಿವೋ 245 ಮುಂತಾದ 24 ಅಶ್ವಶಕ್ತಿಯ ಫೋರ್ ವ್ಹೀಲ್ ಡ್ರೈವ್ ಯಂತ್ರಗಳಿಗೆ ಮುಂದೆ ಲೋಡರ್ (ಹೊರೆ ಎತ್ತುವ ತೋಳು) ಕೂರಿಸಿಕೊಂಡವರು ಗೊಬ್ಬರ ಎತ್ತುವುದಕ್ಕೊಂದು ಬಕೆಟ್, ಚೀಲ ಸಾಗಿಸುವುದಕ್ಕೊಂದು ಫೋರ್ಕ್, ದರಕು (ಒಣ ಎಲೆ) ಬಾಚುವುದಕ್ಕೆ ಇನ್ನೊಂದು ಮುಳ್ಳಿನ ಫೋರ್ಕ್ ಬೇಕೆಂದು ಊರಿನ ವೆಲ್ಡಿಂಗ್ ಶಾಪಿಗೆ ಬರುತ್ತಾರೆ. ಅವರ ಬೇಡಿಕೆಯಲ್ಲಿ ‘ಗಟ್ಟಿ ಇರಲಿ, ದಪ್ಪ ಪ್ಲೇಟನ್ನೇ ಹಾಕಿ’ ಎಂಬ ಮಾತು ತಪ್ಪದೆ ಇರುತ್ತದೆ. ದೊಡ್ಡ ಯಂತ್ರಗಳ ವಿಚಾರದಲ್ಲಿ ಈ ಮಾತಿನಿಂದ ಅಷ್ಟೇನೂ ಹಾನಿಯಿಲ್ಲ. ಮಿನಿ ಟ್ರ್ಯಾಕ್ಟರಿನಲ್ಲಿ ಮಾತ್ರ ಅಟ್ಯಾಚ್‌ಮೆಂಟಿಗೆ (ಲೋಡರಿಗೆ ಸಿಕ್ಕಿಸುವ ಬಕೆಟ್, ಫೋರ್ಕುಗಳಿಗೆ) ಅನಗತ್ಯವಾಗಿ ಹಾಕಿದ ಪ್ರತಿಯೊಂದು ಕಿಲೋ ಕಬ್ಬಿಣವೂ ಎತ್ತಬಹುದಾದ ಹೊರೆಯಿಂದಲೇ ಕಡಿತವಾಗುತ್ತದೆ. ಹೀಗಾಗಿ ಕಬ್ಬಿಣ ಕತ್ತರಿಸುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಆಗಬೇಕು ಎಂದು ನಾನು ಪ್ರತಿಯೊಬ್ಬರಿಗೂ ಒತ್ತಾಯಿಸುತ್ತೇನೆ.

ಲೋಡರ್ ಇಷ್ಟು ಕೆ.ಜಿ. ಎತ್ತುತ್ತದೆ ಎಂದು ಹೇಳುವಾಗ ಆ ಅಂಕಿ ಯಾವ ಜಾಗಕ್ಕೆ ಸೇರಿದ್ದು ಎಂದು ಮೊದಲು ಕೇಳಬೇಕು. ಸಾಮಾನ್ಯವಾಗಿ ಅದು ತೋಳಿನ ತುದಿಯ ಪಿನ್ನಿನ ಬಳಿ ಅಳೆದ ಅಂಕಿ. ಆದರೆ ಹೊರೆ ಪಿನ್ನಿನ ಮೇಲೆ ಕೂರುವುದಿಲ್ಲ, ಅದಕ್ಕಿಂತ ಅರ್ಧ ಮೀಟರ್ ಮುಂದೆ ಇರುತ್ತದೆ. ತೋಳಿನ ಉದ್ದ 1.6 ಮೀಟರ್, ಪಿನ್ನಿನ ಬಳಿ ಎತ್ತುವ ಸಾಮರ್ಥ್ಯ 350 ಕೆ.ಜಿ. ಎಂದು ಇಟ್ಟುಕೊಳ್ಳೋಣ. ಇವೆರಡನ್ನೂ ಗುಣಿಸಿದರೆ 560 ಕೆ.ಜಿ.-ಮೀಟರ್ ಬರುತ್ತದೆ, ಲೋಡರಿನ ಕೈಯಲ್ಲಿರುವ ಒಟ್ಟು ಬಂಡವಾಳ ಇಷ್ಟೇ. ಈಗ 1.2 ಮೀಟರ್ ಅಗಲದ ಒಂದು ಬಕೆಟ್ ಮಾಡಿಸುತ್ತೀರಿ, ಅದರ ತಳ ಮತ್ತು ಬೆನ್ನಿಗೆ ಸುಮಾರು 1.7 ಚದರ ಮೀಟರ್ ಪ್ಲೇಟು ಬೇಕಾಗುತ್ತದೆ. 10 ಮಿ.ಮೀ. ಪ್ಲೇಟು ಚದರ ಮೀಟರಿಗೆ 78.5 ಕೆ.ಜಿ. ತೂಗುವುದರಿಂದ ಅದೊಂದೇ 130 ಕೆ.ಜಿ. ದಾಟುತ್ತದೆ, 4 ಮಿ.ಮೀ. ಪ್ಲೇಟಿನಲ್ಲಾದರೆ ಅದೇ ಭಾಗ 54 ಕೆ.ಜಿ.ಯೊಳಗೆ ಮುಗಿಯುತ್ತದೆ. ಪಕ್ಕದ ಪ್ಲೇಟು, ಅಂಚು, ಪಿನ್ನಿನ ಕಿವಿಗಳು (ಪಿನ್ನು ತೂರಿಸುವ ತೂತಿನ ಪ್ಲೇಟುಗಳು) ಸೇರಿ ಮೊದಲನೆಯದು 160 ಕೆ.ಜಿ., ಎರಡನೆಯದು 80 ಕೆ.ಜಿ. ಆಯಿತೆಂದರೆ, ಬಕೆಟ್ಟಿನ ತೂಕದ ಕೇಂದ್ರ ಪಿನ್ನಿಗಿಂತ 30 ಸೆಂ.ಮೀ. ಮುಂದೆ, ಅಂದರೆ ತೋಳಿನ ಬುಡದಿಂದ 1.9 ಮೀಟರ್ ದೂರ ಇದ್ದಾಗ 560ರಲ್ಲಿ ಕ್ರಮವಾಗಿ 304 ಮತ್ತು 152 ಖರ್ಚಾಗಿಹೋಗುತ್ತದೆ. ಉಳಿದದ್ದನ್ನು ಹೊರೆ ಇರುವ ದೂರದಿಂದ, ಅಂದರೆ 1.6 + 0.5 = 2.1 ಮೀಟರಿನಿಂದ ಭಾಗಿಸಿದರೆ ತೆಳು ಬಕೆಟ್ಟಿನಲ್ಲಿ ಸುಮಾರು 194 ಕೆ.ಜಿ. ಹೊರೆ ಎತ್ತಬಹುದು, ದಪ್ಪ ಬಕೆಟ್ಟಿನಲ್ಲಿ ಎತ್ತಬಹುದಾದದ್ದು ಸುಮಾರು 122 ಕೆ.ಜಿ. ಮಾತ್ರ.

ಕೊಟ್ಟಿಗೆ ಗೊಬ್ಬರ ಒಂದು ಘನ ಮೀಟರಿಗೆ ಸುಮಾರು 800 ಕೆ.ಜಿ. ತೂಗಿದರೆ 0.2 ಘನ ಮೀಟರಿನ ಬಕೆಟ್ಟಿನಲ್ಲಿ 160 ಕೆ.ಜಿ. ಹಿಡಿಸುತ್ತದೆ. ಅಂದರೆ 4 ಮಿ.ಮೀ. ಪ್ಲೇಟಿನ ಬಕೆಟ್ ಗೊಬ್ಬರವನ್ನು ತುಂಬಿಸಿಕೊಂಡು ಎತ್ತುತ್ತದೆ, 10 ಮಿ.ಮೀ. ಬಕೆಟ್ಟಿಗೆ ಅದು ಸಾಧ್ಯವಿಲ್ಲ. ಒದ್ದೆ ಮರಳಾದರೆ ಅದೇ ಬಕೆಟ್ಟಿನಲ್ಲಿ 380 ಕೆ.ಜಿ. ಆಗುವುದರಿಂದ ಎರಡಕ್ಕೂ ಅದು ಸಲ್ಲದು. ಗೊಬ್ಬರಕ್ಕೂ ಮರಳಿಗೂ ಒಂದೇ ಬಕೆಟ್ ಮಾಡಿಕೊಡಿ ಎಂದವರಿಗೆ ನಾನು ಒಪ್ಪುವುದಿಲ್ಲ. ತೆಳು ಪ್ಲೇಟು ಬಾಗುತ್ತದೆಂಬ ಭಯ ಸಹಜವಾದದ್ದೇ. ಅದಕ್ಕೆ ಉತ್ತರವಾಗಿ ಬೆನ್ನಿನ ಮೇಲಂಚಿಗೆ ಉದ್ದಕ್ಕೂ ಒಂದು ಚೌಕ ಪೈಪು, ತಳದ ಹೊರಗೆ ಪಿನ್ನಿನ ಕಿವಿಗಳ ನೇರಕ್ಕೆ ಎರಡು ಪಟ್ಟಿ, ಮುಂದಿನ ಅಂಚಿಗೆ ಮಾತ್ರ 12 ಮಿ.ಮೀ.ನ ದಪ್ಪ ಪಟ್ಟಿ ಹಾಕಿದರೆ ಸಾಕು. ಕಬ್ಬಿಣ ಎಲ್ಲಿ ದುಡಿಯುತ್ತದೆಯೋ ಅಲ್ಲಿಗೆ ಮಾತ್ರ ಅದನ್ನು ಹಾಕಬೇಕು.

ಹೊರೆ ಮುಂದೆ ಇದ್ದಾಗ ಟ್ರ್ಯಾಕ್ಟರಿನ ಆಕ್ಸಲ್ಲುಗಳ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯವಾದ ವಿಷಯ. ಬಕೆಟ್ಟೂ ಗೊಬ್ಬರವೂ ಸೇರಿ 240 ಕೆ.ಜಿ. ತೂಕ ಮುಂದಿನ ಆಕ್ಸಲ್ಲಿಗಿಂತ 1.3 ಮೀಟರ್ ಮುಂದಿದ್ದು, ಎರಡು ಆಕ್ಸಲ್ಲುಗಳ ನಡುವಿನ ಅಂತರ 1.55 ಮೀಟರ್ ಇದ್ದರೆ, ಮುಂದಿನ ಆಕ್ಸಲ್ಲಿಗೆ ಹೆಚ್ಚುವುದು 240 ಅಲ್ಲ, 441 ಕೆ.ಜಿ. ಹಿಂದಿನ ಚಕ್ರಗಳಿಂದ 201 ಕೆ.ಜಿ. ಎದ್ದುಹೋಗುತ್ತದೆ. ಒಂದು ಟನ್ನಿನ ಆಸುಪಾಸಿನಲ್ಲಿ ತೂಗುವ ಯಂತ್ರಕ್ಕೆ ಇದು ಸಣ್ಣ ಬದಲಾವಣೆಯಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗುವುದಕ್ಕೂ, ಸ್ಟಿಯರಿಂಗ್ ಭಾರವಾಗಿ ಮುಂದಿನ ಗೇರುಗಳು ಸವೆಯುವುದಕ್ಕೂ ಇದೇ ಕಾರಣ. ಹಿಂದಿನ ಟೈರುಗಳಿಗೆ ನೀರು ತುಂಬಿಸಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ನೀರಿನಿಂದ ಹಿಂದಿನ ಚಕ್ರಕ್ಕೆ ಹಿಡಿತ ಬರುವುದು ನಿಜ, ಆದರೆ ಅದರ ತೂಕ ಆಕ್ಸಲ್ಲಿನ ನೇರಕ್ಕೇ ಇರುವುದರಿಂದ ಮುಂದಿನ ಆಕ್ಸಲ್ಲಿನ ಹೊರೆ ಒಂದು ಕಿಲೋ ಕೂಡ ಇಳಿಯುವುದಿಲ್ಲ. ಮುಂಭಾಗ ಹಗುರವಾಗಬೇಕಾದರೆ ತೂಕ ಹಿಂದಿನ ಆಕ್ಸಲ್ಲಿನ ಆಚೆಗೆ ತೂಗಬೇಕು. ಟ್ರ್ಯಾಕ್ಟರಿನ ಹಿಂದೆ ಉಪಕರಣ ಸಿಕ್ಕಿಸುವ ಮೂರು ಪಾಯಿಂಟಿನ ಲಿಂಕಿಗೆ 200 ಕೆ.ಜಿ.ಯ ಕಾಂಕ್ರೀಟ್ ಪೆಟ್ಟಿಗೆಯನ್ನು ಆಕ್ಸಲ್ಲಿನಿಂದ 90 ಸೆಂ.ಮೀ. ಹಿಂದೆ ತೂಗುಹಾಕಿದರೆ ಮುಂದಿನಿಂದ 116 ಕೆ.ಜಿ. ಇಳಿಯುತ್ತದೆ, ಹಿಂದಕ್ಕೆ 316 ಕೆ.ಜಿ. ಸೇರುತ್ತದೆ. 60 ಸೆಂ.ಮೀ. ಉದ್ದ, 40 ಅಗಲ, 35 ಎತ್ತರದ ಕಾಂಕ್ರೀಟ್ ಗಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ತೂಕವಿರುತ್ತದೆ. ಕೆಳಲಿಂಕಿಗೆ 22 ಮಿ.ಮೀ., ಮೇಲಿನ ಲಿಂಕಿಗೆ 19 ಮಿ.ಮೀ. ಪಿನ್ನನ್ನು ಕಾಂಕ್ರೀಟಿನೊಳಗೆ ಸುಮ್ಮನೆ ಹೂಳದೆ, ಒಳಗೆ ಹಾದುಹೋಗುವ ಕಬ್ಬಿಣದ ಚೌಕಟ್ಟಿಗೆ ಬೆಸೆದಿರಬೇಕು. ಲೋಡರಿಗೆ ಯಾವ ಅಟ್ಯಾಚ್‌ಮೆಂಟ್ ಮಾಡಿಸಿದರೂ ಈ ಪೆಟ್ಟಿಗೆಯನ್ನೇ ಮೊದಲು ಮಾಡಿಸಿ ಎಂಬುದು ನನ್ನ ಸಲಹೆ.

ಇನ್ನು ಫೋರ್ಕಿನ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ 80 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಪಟ್ಟಿಯನ್ನು ಮಲಗಿಸಿ ಫೋರ್ಕಿನ ಹಲ್ಲು ಮಾಡುತ್ತಾರೆ, ಕೈಯಲ್ಲಿ ಹಿಡಿದರೆ ಅದು ಮುರಿಯುವ ವಸ್ತುವೇ ಅಲ್ಲ ಎನ್ನಿಸುತ್ತದೆ. 900 ಮಿ.ಮೀ. ಉದ್ದದ ಎರಡು ಹಲ್ಲುಗಳ ನಡುಮಧ್ಯೆ 300 ಕೆ.ಜಿ. ಸರಿಸಮನಾಗಿ ಕುಳಿತರೆ ಪಟ್ಟಿಯ ಬುಡದಲ್ಲಿ ಚದರ ಮಿ.ಮೀ.ಗೆ 80 ನ್ಯೂಟನ್ನಿನಷ್ಟು ಒತ್ತಡ ಬರುತ್ತದೆ, ಆಗ ತೊಂದರೆಯಿಲ್ಲ. ಆದರೆ ಕೆಲಸದ ನಡುವೆ ಹೊರೆ ಜಾರಿ ಒಂದೇ ಹಲ್ಲಿನ ತುದಿಗೆ ಬರುವುದು ಸಾಮಾನ್ಯ. ಆಗ ಆ ಒತ್ತಡ 318 ನ್ಯೂಟನ್ನಿಗೆ ಏರುತ್ತದೆ. ನಮ್ಮಲ್ಲಿ ಸಿಗುವ, ಭಾರತೀಯ ಮಾನಕ ಐಎಸ್ 2062ರ ಇ250 ದರ್ಜೆಯ ಮೈಲ್ಡ್ ಸ್ಟೀಲ್ ಹೆಸರೇ ಹೇಳುವಂತೆ 250ರ ಆಸುಪಾಸಿನಲ್ಲೇ ಶಾಶ್ವತವಾಗಿ ಬಾಗಲು ಶುರುಮಾಡುತ್ತದೆ. ಅದೇ ಜಾಗಕ್ಕೆ 96 × 48 ಮಿ.ಮೀ. ಅಳತೆಯ, 4 ಮಿ.ಮೀ. ಗೋಡೆಯ ಆಯತಾಕಾರದ ಪೈಪನ್ನು ನಿಲ್ಲಿಸಿ ಹಾಕಿದರೆ ಅತಿ ಕೆಟ್ಟ ಪರಿಸ್ಥಿತಿಯಲ್ಲೂ ಒತ್ತಡ 100 ನ್ಯೂಟನ್ನಿನ ಸುತ್ತ ನಿಲ್ಲುತ್ತದೆ. ಚಕ್ರ ಗುಂಡಿಗೆ ಬಿದ್ದು ಹೊರೆ ಒಂದು ಕ್ಷಣ ಇಮ್ಮಡಿಯಾದರೂ ಪೈಪು ತಡೆಯುತ್ತದೆ. ಪಟ್ಟಿ ಮೀಟರಿಗೆ 15.7 ಕೆ.ಜಿ. ತೂಗಿದರೆ ಪೈಪು ತೂಗುವುದು ಸುಮಾರು 8.5 ಕೆ.ಜಿ. ಅರ್ಧದಷ್ಟು ತೂಕದಲ್ಲಿ ಮೂರು ಪಟ್ಟು ಬಲ ಸಿಗುವುದು ಎತ್ತರದಿಂದ. ಬಾಗುವಿಕೆಯನ್ನು ತಡೆಯುವುದರಲ್ಲಿ ಎತ್ತರಕ್ಕೆ ಇರುವ ಮಹತ್ವ ಅಗಲಕ್ಕೆ ಇಲ್ಲ. ಮರದ ಪ್ಯಾಲೆಟ್ಟಿನ (ಸರಕು ಇಡುವ ಹಲಗೆಯ ಅಟ್ಟಣಿಗೆಯ) ಸಂದಿಗೆ 96 ಮಿ.ಮೀ. ಎತ್ತರದ ಪೈಪು ತೂರುವುದು ಕಷ್ಟವಾದ್ದರಿಂದ ಅಂತಹ ಕೆಲಸಕ್ಕೆ ಪಟ್ಟಿಯೇ ಬೇಕು, ಆಗ ಅದರ ದಪ್ಪವನ್ನು 32 ಮಿ.ಮೀ.ಗೂ ಅಗಲವನ್ನು 100 ಮಿ.ಮೀ.ಗೂ ಏರಿಸಬೇಕು. ಆದರೆ ಅಡಿಕೆ ಚೀಲ, ಹುಲ್ಲಿನ ಕಟ್ಟು, ಕಟ್ಟಿಗೆ ಹೊರೆಗಳಿಗೆ ಪ್ಯಾಲೆಟ್ ಇರುವುದೇ ಇಲ್ಲ. ತುದಿಯನ್ನು ಕೆಳಗಿನಿಂದ ಓರೆಯಾಗಿ ಕತ್ತರಿಸಿ ಪ್ಲೇಟಿನಿಂದ ಮುಚ್ಚಿದ ಪೈಪು ಅಲ್ಲಿ ಚೆನ್ನಾಗಿ ದುಡಿಯುತ್ತದೆ.

ಮುಳ್ಳಿನ ಫೋರ್ಕಿಗೆ ಮನೆ ಕಟ್ಟಿ ಮಿಕ್ಕ ಟಿಎಂಟಿ ಸರಳುಗಳನ್ನು ಕತ್ತರಿಸಿ ಬೆಸೆಯುವ ರೂಢಿಯಿದೆ. ಸರಳು ಬುಡದಲ್ಲೇ, ವೆಲ್ಡಿಂಗಿನ ಪಕ್ಕದಲ್ಲೇ ಬಾಗುತ್ತದೆ ಎಂಬ ದೂರು ಅದರ ಹಿಂದೆಯೇ ಬರುತ್ತದೆ. ಟಿಎಂಟಿ ಸರಳಿನ ಬಲ ಬಹುಮಟ್ಟಿಗೆ ಇರುವುದು ತಯಾರಿಕೆಯಲ್ಲಿ ನೀರು ಹಾಯಿಸಿ ಗಟ್ಟಿ ಮಾಡಿದ ಅದರ ಹೊರಪದರದಲ್ಲಿ. ವೆಲ್ಡಿಂಗಿನ ಕಾವು ಆ ಪದರವನ್ನೇ ಮೆದುಗೊಳಿಸುತ್ತದೆ, ಹೊರೆ ಅತಿ ಹೆಚ್ಚಾಗಿ ಬೀಳುವ ಜಾಗವೂ ಅದೇ ಆಗಿರುತ್ತದೆ. ದಪ್ಪ ಪೈಪಿನ ತುಂಡುಗಳನ್ನು ಅಡ್ಡಕಂಬಿಗೆ ಬೆಸೆದು, ನುಣುಪು ಸರಳುಗಳ ಬುಡವನ್ನು ಅದರೊಳಗೆ ತೂರಿಸಿ ಹಿಂದಿನಿಂದ ನಟ್ಟು ಬಿಗಿಯುವಂತೆ ಮಾಡಿದರೆ ಸರಳಿಗೆ ಕಾವು ತಗುಲುವುದಿಲ್ಲ, ಬಾಗಿದ ಒಂದನ್ನೇ ಬಿಚ್ಚಿ ಬದಲಿಸಬಹುದು.

ಇದೇ ಎಚ್ಚರಿಕೆ ಲಾರಿಯ ಹಳೆಯ ಕಮಾನು ಪಟ್ಟಿಗೂ ಬೇಕು. ಬಕೆಟ್ಟಿನ ಅಂಚಿಗೆ ಅದು ಅತ್ಯುತ್ತಮ, ಸವೆಯುವುದೇ ನಿಧಾನ. ಆದರೆ ಇಂಗಾಲದ ಅಂಶ ಹೆಚ್ಚಿರುವ ಆ ಉಕ್ಕಿಗೆ ಸಾಮಾನ್ಯ 6013 ವೆಲ್ಡಿಂಗ್ ರಾಡಿನಿಂದ ಮೊದಲು ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮೊದಲ ಕಲ್ಲು ತಗುಲಿದಾಗ ಪಟ್ಟಿ ಕಳಚಿ ಬೀಳುತ್ತದೆ. ಬೆಸೆಯುವ ಬದಲು ತೂತು ಕೊರೆದು ಬೋಲ್ಟಿನಿಂದ ಬಿಗಿಯುವುದು ಸುರಕ್ಷಿತ. ಹೊರೆ ಹೊರುವ ಉಳಿದ ಎಲ್ಲ ಬೆಸುಗೆಗಳಿಗೂ ನಾನು 7018 ರಾಡನ್ನೇ ಬಳಸುತ್ತೇನೆ. ಅದಕ್ಕೆ ತೇವ ತಗುಲಿದರೆ ಅದರ ಗುಣವೇ ಹೋಗುವುದರಿಂದ, ನಮ್ಮ ಮಳೆಗಾಲದಲ್ಲಿ ಪೊಟ್ಟಣ ಒಡೆದು ಬಿಟ್ಟ ರಾಡುಗಳನ್ನು ಓವನ್ನಿನಲ್ಲಿ ಕಾಯಿಸದೆ ಉಪಯೋಗಿಸಬಾರದು.

ಬೆಸುಗೆ ಎಷ್ಟು ದಪ್ಪವಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಹೊರೆ ಕುಳಿತಾಗ ಫೋರ್ಕಿನ ಹಲ್ಲಿನ ಮೇಲ್ಮೈ ಎಳೆತಕ್ಕೆ ಸಿಕ್ಕುತ್ತದೆ. ಅದರ ಬುಡದ ಮೇಲ್ಮೈಯಲ್ಲಿ ಅಡ್ಡಲಾಗಿ ಎಳೆದ ಬೆಸುಗೆಯಿಂದಲೇ ಬಿರುಕು ಹುಟ್ಟುತ್ತದೆ. ಹಲ್ಲನ್ನು ಎಲ್-ಆಕಾರದಲ್ಲಿ ಮಾಡಿ, ಮೇಲಿನ ಕಂಬಿಗೆ ಕೊಕ್ಕೆಯಂತೆ ಸಿಕ್ಕಿಸಿ, ಕೆಳಗಿನ ಕಂಬಿಗೆ ಒರಗುವಂತೆ ಕೂರಿಸಿದರೆ ಚೌಕಟ್ಟಿಗೆ ಹಲ್ಲನ್ನು ಹಿಡಿದಿಡುವುದು ಬೆಸುಗೆಯಲ್ಲ, ಆಕಾರವೇ ಹಿಡಿದಿಡುತ್ತದೆ. ಎಲ್-ನ ಮೂಲೆಗೆ ಮಾತ್ರ ಎರಡೂ ಪಕ್ಕದಲ್ಲಿ ತ್ರಿಕೋನದ ಪ್ಲೇಟು ಕೊಡಬೇಕು.

ಪಿನ್ನಿನ ಕಿವಿಗಳನ್ನು ಬೆಸೆಯುವ ಕೆಲಸಕ್ಕೆ ಇಡೀ ಬಕೆಟ್ಟಿಗಿಂತ ಹೆಚ್ಚು ತಾಳ್ಮೆ ಬೇಕು. ನಮ್ಮ ಲೋಡರುಗಳಲ್ಲಿ ಒಂದು ಶಾಪಿನ ಪಿನ್ನಿನ ಅಂತರ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಲೋಡರಿಗೇ ಹಿಡಿದು ನೋಡಿ, ಬಕೆಟ್ ಪೂರ್ತಿ ಮಗುಚಿದಾಗಲೂ ಪೂರ್ತಿ ಮೇಲೆತ್ತಿದಾಗಲೂ ಎಲ್ಲಿಯೂ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನಾಲ್ಕೂ ಕಿವಿಗಳಲ್ಲಿ ಒಂದೇ ಉದ್ದನೆಯ ಸರಳನ್ನು ತೂರಿಸಿ ಮೊದಲು ಬೆಸುಗೆಯ ಚುಕ್ಕಿ ಹಾಕಿ, ಎಡ-ಬಲ ಬದಲಿಸುತ್ತ ಸ್ವಲ್ಪಸ್ವಲ್ಪವೇ ಬೆಸೆಯುತ್ತ, ಪೂರ್ತಿ ತಣ್ಣಗಾದ ಮೇಲೆಯೇ ಸರಳನ್ನು ಹೊರಗೆಳೆಯಬೇಕು. ಈ ಬೆಸುಗೆಯನ್ನು ಅಟ್ಯಾಚ್‌ಮೆಂಟ್ ಟ್ರ್ಯಾಕ್ಟರಿಗೆ ಸಿಕ್ಕಿಸಿರುವಾಗ ಮಾಡಕೂಡದು; ವೆಲ್ಡಿಂಗಿನ ಕರೆಂಟು ಬೇರಿಂಗುಗಳ ಮೂಲಕ ಹಾದು ಅವುಗಳನ್ನೂ ಆಲ್ಟರ್ನೇಟರನ್ನೂ ಹಾಳುಮಾಡಬಲ್ಲದು.

ಮಿನಿ ಟ್ರ್ಯಾಕ್ಟರಿಗೆ ಲಾರಿಯಂತೆ ಚಾಸಿ ಇರುವುದಿಲ್ಲ, ಎಂಜಿನ್ನು, ಕ್ಲಚ್ಚಿನ ಕವಚ, ಗೇರ್‌ಬಾಕ್ಸುಗಳೇ ಒಂದಕ್ಕೊಂದು ಬೋಲ್ಟಾಗಿ ಅದರ ಬೆನ್ನೆಲುಬಾಗಿರುತ್ತವೆ. ಅಟ್ಯಾಚ್‌ಮೆಂಟಿನ ತುದಿ ಬೇರಿಗೋ ಬಂಡೆಗೋ ಸಿಕ್ಕಾಗ ಆ ಪೆಟ್ಟು ಕೊನೆಗೆ ತಲುಪುವುದು ಎರಕದ ಈ ಭಾಗಗಳಿಗೆ. ಎರಕ ಬಾಗುವುದಿಲ್ಲ, ಒಡೆಯುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಸೋಲಬೇಕಾದ ಭಾಗ ಅಟ್ಯಾಚ್‌ಮೆಂಟಿನಲ್ಲೇ ಇರಬೇಕು. ಬದಲಿಸಬಹುದಾದ ಮುಳ್ಳು, ಬೋಲ್ಟಿನ ಅಂಚುಪಟ್ಟಿ ಇವೆಲ್ಲ ಅದಕ್ಕಾಗಿಯೇ. ಏನು ಮಾಡಿದರೂ ಬಾಗದಂತಹ ಅಟ್ಯಾಚ್‌ಮೆಂಟ್ ಮಾಡಿಸಿದವರು ಆ ಪೆಟ್ಟನ್ನು ಕ್ಲಚ್ಚಿನ ಕವಚಕ್ಕೆ ವರ್ಗಾಯಿಸುತ್ತಾರೆ. ಎತ್ತುವ ಶಕ್ತಿ ಸಾಲದೆಂದು ಹೈಡ್ರಾಲಿಕ್ಕಿನ ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವನ್ನು ಬಿಗಿಮಾಡಿಸುವುದರಿಂದ ಆಗುವುದೂ ಇದೇ. ನಾನು ಆ ಕೆಲಸವನ್ನು ಯಾರಿಗೂ ಮಾಡಿಕೊಡುವುದಿಲ್ಲ. ಹೋಸಿನಲ್ಲಿ ಎಣ್ಣೆ ಸೋರುತ್ತಿದೆಯೇ ಎಂದು ಬರಿಗೈಯಿಂದ ಸವರಿ ನೋಡುವವರಿಗೂ ಒಂದು ಮಾತು. ಸೂಜಿಮೊನೆಯಷ್ಟು ತೂತಿನಿಂದ 150 ಬಾರ್ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದ ಸ್ಥಿತಿ, ತಡಮಾಡಿದರೆ ಬೆರಳೋ ಕೈಯೋ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ಹೊಸ ಅಟ್ಯಾಚ್‌ಮೆಂಟಿಗೆ ಬಣ್ಣ ಹೊಡೆಯುವ ಮೊದಲೇ ಪರೀಕ್ಷೆ ಆಗಬೇಕು, ಏಕೆಂದರೆ ಬಣ್ಣದ ಅಡಿಯಲ್ಲಿ ಬಿರುಕು ಕಾಣುವುದಿಲ್ಲ. ಸಮತಟ್ಟಾದ ನೆಲದಲ್ಲಿ, ಹಿಂದೆ ಕಾಂಕ್ರೀಟ್ ಪೆಟ್ಟಿಗೆ ತೂಗುಹಾಕಿಕೊಂಡು, ತೂಕ ಗೊತ್ತಿರುವ ಗೊಬ್ಬರದ ಚೀಲಗಳನ್ನು ಒಂದೊಂದಾಗಿ ಏರಿಸುತ್ತ, ನೆಲದಿಂದ ಒಂದಡಿಗಿಂತ ಮೇಲೆತ್ತದೆ ನಿಧಾನವಾಗಿ ಓಡಿಸಿ ನೋಡಬೇಕು. ಪ್ರತಿ ಹಂತದಲ್ಲೂ ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕಿವಿಗಳ ಮತ್ತು ಮೂಲೆಗಳ ಬೆಸುಗೆಯನ್ನು ವೈರ್ ಬ್ರಷ್ಷಿನಿಂದ ಉಜ್ಜಿ ಪರೀಕ್ಷಿಸಬೇಕು. ಪೇಟೆಯಲ್ಲಿ ಸಿಗುವ ಕೆಂಪು ಡೈ ಪೆನಿಟ್ರೆಂಟ್ ಸ್ಪ್ರೇ ಹೊಡೆದರೆ ಕಣ್ಣಿಗೆ ಸಿಗದ ಬಿರುಕೂ ಗೆರೆಯಾಗಿ ಕಾಣುತ್ತದೆ. ಲೆಕ್ಕದಲ್ಲಿ ಬಂದ ಹೊರೆಯನ್ನು ಮುಟ್ಟುವ ಮೊದಲೇ ಹಿಂದಿನ ಚಕ್ರ ಹಗುರವಾದರೆ ಅಲ್ಲಿಗೇ ನಿಲ್ಲಿಸಿ, ಆ ಹೊರೆಗಿಂತ ಕಡಿಮೆ ಅಂಕಿಯನ್ನು ಬಕೆಟ್ಟಿನ ಬೆನ್ನಿನ ಮೇಲೆ, ಟ್ರ್ಯಾಕ್ಟರ್ ಓಡಿಸುವವರಿಗೆ ಕೂತಲ್ಲಿಂದ ಕಾಣುವಂತೆ ದೊಡ್ಡದಾಗಿ ಬರೆಯಿಸಿ.