ನುಗ್ಗೆ ಬೀಜ: ಖನಿಜದ ಪಟ್ಟಿ, ಬ್ಯಾಕ್ಟೀರಿಯ ಕೊಲ್ಲುವ ಗುಣ ಮತ್ತು ನಡುವಿನ ಗೊಂದಲ

ನುಗ್ಗೆ ಬೀಜದ ಪುಡಿ ಮಾರುವಾಗ ಈಗ ಎರಡು ಮಾತು ಜೊತೆಯಾಗಿ ಬರುತ್ತವೆ. ಇದರಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಸತು ಇದೆ. ಇದು ಬ್ಯಾಕ್ಟೀರಿಯ ಕೊಲ್ಲುತ್ತದೆ. ಕೇಳಿದವರಿಗೆ ಖನಿಜ ಇರೋದರಿಂದಲೇ ಬ್ಯಾಕ್ಟೀರಿಯ ಸಾಯುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ.

ಬಗ್ಗಡ ನೀರು ತಿಳಿಯಾಗಲು ನಮ್ಮಲ್ಲಿ ಚಿಲ್ಲದ ಬೀಜ ತೇಯುತ್ತಿದ್ದರು. ಸುಡಾನಿನಲ್ಲಿ ನೈಲ್ ದಂಡೆಯ ಹೆಂಗಸರು ನುಗ್ಗೆ ಬೀಜ ಕುಟ್ಟಿ ಹಾಕುತ್ತಿದ್ದರು. ಆದರೆ ವಿಜ್ಞಾನಿಗಳು ಮೊದಲು ಹಿಡಿದದ್ದು ನುಗ್ಗೆಯ ಬೇರನ್ನು. 1946ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ, ಬೇರಿನ ಬ್ಯಾಕ್ಟೀರಿಯ ಕೊಲ್ಲುವ ವಸ್ತುವಿಗೆ ಟೆರಿಗೋಸ್ಪರ್ಮಿನ್ ಎಂಬ ಹೆಸರು ಅಚ್ಚಾಯಿತು. 1950ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಅದರ ಕೆಲಸ ನಡೆಯಿತು. 1981ರಲ್ಲಿ ಜರ್ಮನಿಯ ಸಂಶೋಧಕರು ಬೀಜವನ್ನೇ ಜಾಲಾಡಿದರು. ಸಿಕ್ಕಿದ್ದು ಟೆರಿಗೋಸ್ಪರ್ಮಿನ್ ಅಲ್ಲ, ಒಂದು ಐಸೊಥಯೊಸಯನೇಟ್.

ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಘಾಟೂ ಇದೇ ಕುಲದ್ದು. ಇಡೀ ಬೀಜದಲ್ಲಿ ಅದು ಸಿದ್ಧವಾಗಿ ಕೂತಿರುವುದಿಲ್ಲ. ಗ್ಲುಕೊಸಿನೊಲೇಟ್ ಎಂಬ ಮೂಲವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕುಟ್ಟಿ ನೀರು ತಾಗಿಸಿದಾಗ ಎರಡೂ ಸೇರಿ ಅದು ಹುಟ್ಟುತ್ತದೆ. ಬೀಜವನ್ನು ಮೊದಲೇ ಚೆನ್ನಾಗಿ ಬೇಯಿಸಿದರೆ ಕಿಣ್ವ ಕೆಡುತ್ತದೆ. ಆಮೇಲೆ ಸಂಶೋಧಕರ ಗಮನ ಬೀಜದ ಒಂದು ಸಣ್ಣ ಪ್ರೋಟೀನಿನ ಕಡೆ ಹೋಯಿತು. ಅದಕ್ಕೆ ಧನ ವಿದ್ಯುದಂಶ, ಕೆಸರಿನ ಕಣಕ್ಕೂ ಬ್ಯಾಕ್ಟೀರಿಯಕ್ಕೂ ಋಣ. ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಬ್ಯಾಕ್ಟೀರಿಯದ ಹೊರಪೊರೆಯನ್ನೂ ಅದು ಕೆಡಿಸುತ್ತದೆ.

ಖನಿಜದ ಲೆಕ್ಕ ತೆಗೆಯುವ ದಾರಿಯೇ ಬೇರೆ. ಬೀಜ ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಯಂತ್ರದಲ್ಲಿ ಅಳೆಯುತ್ತಾರೆ. ಹಾಗೆ ಸುಟ್ಟಾಗ ಐಸೊಥಯೊಸಯನೇಟೂ ಪ್ರೋಟೀನೂ ಉಳಿಯುವುದೇ ಇಲ್ಲ! ಅದೂ ಅಲ್ಲದೆ ಎರೆಮಣ್ಣಿನ ಬೀಜಕ್ಕೂ ಕೆಂಪು ಮಣ್ಣಿನ ಬೀಜಕ್ಕೂ ಅಂಕಿ ಬದಲಾಗುತ್ತದೆ. ಇತ್ತ ಬ್ಯಾಕ್ಟೀರಿಯ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯ ಬೆಳೆಸುವ ಅಗರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ ಗುಳಿ ತೋಡಿ ಬೀಜದ ಸಾರ ಹನಿಸುತ್ತಾರೆ. ಮಾರನೇ ದಿನ ಗುಳಿಯ ಸುತ್ತ ಬ್ಯಾಕ್ಟೀರಿಯ ಬೆಳೆಯದ ಖಾಲಿ ಉಂಗುರ ಎಷ್ಟು ಮಿಲಿಮೀಟರ್ ಎದ್ದಿದೆ ಅಂತ ನೋಡುತ್ತಾರೆ. ಹೆಚ್ಚಿನ ಸಲ ಅದು ಆಲ್ಕೊಹಾಲಿನಲ್ಲಿ ತೆಗೆದ ಗಟ್ಟಿ ಸಾರ. ಚಮಚ ಪುಡಿ ನುಂಗಿದರೂ ಹೊಟ್ಟೆಯಲ್ಲಿ ಅದೇ ಆಗುತ್ತದೆ ಅನ್ನೋದಕ್ಕೆ ಆ ಉಂಗುರ ಸಾಕ್ಷಿಯಲ್ಲ. ಖನಿಜದ್ದು, ಬ್ಯಾಕ್ಟೀರಿಯದ್ದು ಎರಡೂ ಕೋಷ್ಟಕ ಒಂದೇ ಪ್ರಬಂಧದಲ್ಲಿ ಅಕ್ಕಪಕ್ಕ ಬರುತ್ತವೆ, ಜನರ ಬಾಯಲ್ಲಿ ಒಂದಾಗುತ್ತವೆ. ಯಾವ ಮಣ್ಣಿನ ಬೀಜ, ಕುಟ್ಟಿ ಎಷ್ಟು ದಿನ ಆಯಿತು, ಯಾವ ಸಾರ ಅನ್ನುವುದನ್ನು ಪೊಟ್ಟಣದ ಮೇಲೆ ಬರೆಯಲೇಬೇಕು.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ಬೀಜ ಹಾಕಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಬೀಜದ ಸತ್ವ ಅದರಲ್ಲಿ ಉಳಿದಿರುತ್ತದೆ. ಅದನ್ನೇ ತಿಂದು ಅಳಿದುಳಿದ ಬ್ಯಾಕ್ಟೀರಿಯ ಮತ್ತೆ ಬೆಳೆಯುತ್ತವೆ. ಸೋಸಿ, ಕುದಿಸಿ, ಅಂದೇ ಕುಡಿಯಬೇಕು.