ಗಂಟಿಗೆ ಸೂಜಿ ಚುಚ್ಚಿಸಿದರೆ ಕಾಯಿಲೆ ಹರಡುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ. ಬಲತೋಳಿನಲ್ಲಿ ಚರ್ಮದ ಅಡಿ ಒಂದು ಗಂಟಿದೆ. ನೋವಿಲ್ಲ, ಆದರೆ ಕೆಲವು ತಿಂಗಳಿಂದ ಬೆಳೆಯುತ್ತಿದೆ. ಸ್ಕ್ಯಾನ್ ನೋಡಿದ ಡಾಕ್ಟರು ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿ ಎಂದಿದ್ದಾರೆ. ಮನೆಯ ಹಿರಿಯರು, ‘ಸೂಜಿ ತಾಗಿದರೆ ಗಡ್ಡೆ ಕೆರಳುತ್ತದೆ, ಬೇಡವೇ ಬೇಡ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮಾಡಿಸಿಕೊಳ್ಳಿ. ಬೆಳೆಯುತ್ತಿರುವ ಗಂಟನ್ನು ಏನೆಂದು ತಿಳಿಯದೆ ಬಿಡುವುದು ಸರಿಯಲ್ಲ.

ಹಿರಿಯರ ಹೆದರಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಯಾರಿಗೋ ಬಯಾಪ್ಸಿ ಆಯಿತು, ಕ್ಯಾನ್ಸರ್ ಎಂದು ಗೊತ್ತಾಯಿತು, ಆಮೇಲೆ ಅವರು ಸೊರಗುತ್ತಾ ಹೋದರು. ನೋಡಿದವರು ತಪ್ಪನ್ನು ಸೂಜಿಯ ಮೇಲೆ ಹೊರಿಸಿದರು. ಕಾಯಿಲೆ ಸೂಜಿಗಿಂತ ಮೊದಲೇ ಒಳಗಿತ್ತು. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಉಳಿಯುವುದು ತೀರಾ ಅಪರೂಪ. ಅಷ್ಟಕ್ಕೂ ಎಡೆ ಕೊಡಬಾರದೆಂದೇ, ಮೃದು ಅಂಗಾಂಶದ ಕ್ಯಾನ್ಸರಿನ, ಅಂದರೆ ಸಾರ್ಕೋಮಾದ ಅನುಮಾನವಿದ್ದಾಗ, ಮುಂದೆ ಆಪರೇಷನ್ ಮಾಡುವ ಸರ್ಜನ್ನರನ್ನು ಕೇಳಿಯೇ ಸೂಜಿಯ ದಾರಿಯನ್ನು ಗೊತ್ತುಮಾಡುತ್ತಾರೆ. ಗಡ್ಡೆಯ ಜೊತೆಗೆ ಆ ದಾರಿಯನ್ನೂ ತೆಗೆದುಹಾಕಲು ಬರಬೇಕು. ಹಾಗಾಗಿ ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಆಳದಲ್ಲಿದ್ದರೆ, ‘ಬಯಾಪ್ಸಿಗೆ ಮೊದಲು ಎಂ.ಆರ್.ಐ. ಬೇಕೇ?’ ಎಂದು ಕೇಳಿ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಸೂಜಿಯಲ್ಲ, ಅವಸರದ ಚಾಕು. ‘ಬರೀ ಕೊಬ್ಬಿನ ಗಡ್ಡೆ, ತೆಗೆದುಬಿಡೋಣ’ ಎಂದು ಪರೀಕ್ಷೆಯಿಲ್ಲದೆ ಕೊಯ್ದು, ಆಮೇಲೆ ಅದು ಸಾರ್ಕೋಮಾ ಎಂದು ತಿಳಿದರೆ, ಉಳಿದದ್ದನ್ನು ತೆಗೆಯಲು ಎರಡನೇ ಸಲ ಇನ್ನೂ ಅಗಲವಾಗಿ ಕೊಯ್ಯಬೇಕಾಗುತ್ತದೆ. ಚರ್ಮದಡಿಯ ಗಂಟುಗಳಲ್ಲಿ ಹೆಚ್ಚಿನವು ನಿರಪಾಯದ ಕೊಬ್ಬಿನ ಗಡ್ಡೆ ಇಲ್ಲವೇ ಚೀಲದಂಥ ಸಿಸ್ಟ್, ನಿಜ. ಆದರೆ ‘ನೋವಿಲ್ಲ’ ಎಂಬುದನ್ನು ಸಮಾಧಾನವಾಗಿ ಇಟ್ಟುಕೊಳ್ಳಬೇಡಿ. ಸಾರ್ಕೋಮಾ ಕೂಡ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಅಂದು ನಡೆಯುವುದು ಇಷ್ಟು. ಪೂರ್ಣ ಅರಿವಳಿಕೆ ಇಲ್ಲ, ಹೆಚ್ಚಿನ ಕಡೆ ಉಪವಾಸವೂ ಬೇಡ. ಅಲ್ಟ್ರಾಸೌಂಡ್‌ನಲ್ಲಿ ಗಂಟನ್ನು ನೋಡಿಕೊಂಡು ಚರ್ಮ ಶುಚಿ ಮಾಡುತ್ತಾರೆ. ಆಮೇಲೆ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಇಂಜೆಕ್ಷನ್. ಒಂದಷ್ಟು ಸೆಕೆಂಡು ಚುರ್ರೆನ್ನುವುದು ಅದೇ. ಹೆಚ್ಚಿನವರಿಗೆ ಇಡೀ ಪರೀಕ್ಷೆಯಲ್ಲಿ ಹೆಚ್ಚು ನೋಯುವ ಗಳಿಗೆ ಅದು. ಬಳಿಕ ಸಣ್ಣ ಗೀರು ಹಾಕಿ, 1ರಿಂದ 2 ಮಿಲಿಮೀಟರ್ ದಪ್ಪದ ಕೋರ್ ಸೂಜಿ ತೂರಿಸುತ್ತಾರೆ. ‘ಟಕ್’ ಎಂದು ಜೋರು ಸದ್ದಾಗುತ್ತದೆ, ಬೆಚ್ಚಿ ತೋಳು ಎಳೆದುಕೊಳ್ಳಬೇಡಿ. ಒಂದು ಸಲಕ್ಕೆ ಬರುವುದು ನೂಪುಟ್ಟಿನ (ಒತ್ತುಶಾವಿಗೆಯ) ಎಳೆಯ ತುಂಡಿನಷ್ಟು ಮಾಂಸ. ಅಂಥವನ್ನು ಕೆಲವು ಸಲ ತೆಗೆಯುತ್ತಾರೆ. ಆಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು ಪಟ್ಟಿ ಹಾಕುತ್ತಾರೆ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಒಟ್ಟು ಅರ್ಧ ಗಂಟೆಯ ಕೆಲಸ. ಇದಕ್ಕಿಂತ ಸಪೂರ ಸೂಜಿಯ ಎಫ್.ಎನ್.ಎ.ಸಿ. ಪರೀಕ್ಷೆಯಲ್ಲಿ ಬಿಡಿ ಕಣಗಳಷ್ಟೇ ಸಿಗುತ್ತವೆ, ಆದ್ದರಿಂದ ಇಂಥ ಗಂಟಿಗೆ ಕೋರ್ ಬಯಾಪ್ಸಿಯೇ ಮೇಲು.

ಹೋಗುವ ಮೊದಲು ಹೇಳಲೇಬೇಕಾದ್ದು, ನೀವು ನುಂಗುವ ಮಾತ್ರೆಗಳು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇದ್ದರೆ ತಿಳಿಸಿ, ಆದರೆ ನೀವಾಗಿ ನಿಲ್ಲಿಸಬೇಡಿ. ಚರ್ಮಕ್ಕೆ ಹತ್ತಿರದ ಬಯಾಪ್ಸಿಗೆ ಇವನ್ನು ಎಷ್ಟೋ ಸಲ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವೇ ನಿಲ್ಲಿಸಿದರೆ ಅಪಾಯ ಹೃದಯದ ಕಡೆಯಿಂದ ಬರುತ್ತದೆ. ಔಷಧದ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಎಲ್ಲಿ ಮಾಡಿಸುವುದೆಂದು ತೋಚದಿದ್ದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಮೈಸೂರು.

ಅಂದೇ ಮನೆಗೆ ಮರಳಬಹುದು. ನೋವಿಗೆ ಪ್ಯಾರಸಿಟಮಾಲ್ ಸಾಕು. ಸುತ್ತ ನೀಲಿಗಟ್ಟಿದರೆ ಗಾಬರಿ ಬೇಡ, ಒಂದೆರಡು ವಾರದಲ್ಲಿ ಮಾಸುತ್ತದೆ. ಪಟ್ಟಿಯನ್ನು ಒಂದು ದಿನ ಒಣಗಿರಿಸಬೇಕು. ಆಟಿ ತಿಂಗಳ ಮಳೆಯಲ್ಲಿ ತೋಟ ಸುತ್ತುತ್ತಾ ಅದು ಆಗದ ಮಾತು, ಆ ದಿನ ಮನೆಯಲ್ಲೇ ಇರಿ. ಕೊಯ್ಲಿನ ಸಮಯವಾದರೆ ಎರಡು ದಿನ ಕಾಫಿ ಮೂಟೆ ಎತ್ತಬೇಡಿ, ಕರಿಮೆಣಸಿನ ಏಣಿ ಹತ್ತಬೇಡಿ. ನಿಮ್ಮದು ಬಲತೋಳು, ಏಣಿ ಹಿಡಿಯುವ ಕೈಯೇ ಅದು. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಊತ ಏರುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ವರದಿಗೆ ಸುಮಾರು ಒಂದು ವಾರ ಹಿಡಿಯುತ್ತದೆ. ವಿಶೇಷ ಬಣ್ಣದ ಪರೀಕ್ಷೆಗಳು ಬೇಕಾದರೆ ಇನ್ನೂ ತಡ. ತಡವಾಯಿತೆಂದ ಮಾತ್ರಕ್ಕೆ ಕೆಟ್ಟ ಸುದ್ದಿಯೆಂದು ಎಣಿಸಬೇಡಿ. ಕೆಲವೊಮ್ಮೆ ‘ಮಾದರಿ ಸಾಲದು’ ಎಂದು ಬರುತ್ತದೆ. ಅದು ‘ಏನೂ ಇಲ್ಲ’ ಎಂದಲ್ಲ, ಮತ್ತೊಮ್ಮೆ ತೆಗೆಯಬೇಕು ಎಂದು. ಕ್ಷಯದ ಅನುಮಾನ ಬಂದರೆ ಒಂದು ತುಂಡನ್ನು ಮಾದರಿ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕದೆ ಸಲೈನ್‌ನಲ್ಲಿ ಬೇರೆಯಾಗಿ ಕಳಿಸಬೇಕು. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡಲು ಬರುವುದಿಲ್ಲ. ಫಲಿತಾಂಶ ಏನೇ ಬರಲಿ, ವರದಿಯ ಪ್ರತಿ ನಿಮ್ಮ ಕೈಯಲ್ಲಿರಲಿ. ಮೇಣದಲ್ಲಿ ಕೂರಿಸಿಟ್ಟ ಮಾಂಸದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳು ಲ್ಯಾಬಿನಲ್ಲೇ ಇರುತ್ತವೆ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅವನ್ನು ಕೇಳಿ ಪಡೆದು ಜೊತೆಗೆ ಒಯ್ಯಿರಿ, ಎಷ್ಟೋ ಸಲ ಎರಡನೇ ಸಲ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.